ಅಮೆರಿಕದಲ್ಲಿ ನೀವು ಯಾವ ಸ್ಟೇಟಿನ ಸಿಟಿಜನ್? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಹೋದ ಸಲ ನಮ್ಮ ಭಾವ ನಮ್ಮ ಅಮೆರಿಕದ ಪಾಸ್‌ಪೋರ್ಟ್‌ಗಳನ್ನ ತಿರುವಿ ನೋಡ್ತಾ ಇದ್ರು, ಮಗಳದ್ರಲ್ಲಿ ಹುಟ್ಟಿದ ಜಾಗ ಅನ್ನೋ ಕಡೆ ನ್ಯೂಜೆರ್ಸಿ, ಯು.ಎಸ್.ಎ. ಅಂತಿದೆ, ನನ್ನದ್ರಲ್ಲಿ ಬರೀ ಇಂಡಿಯಾ. "ಹಂಗಾದ್ರೆ ಇವಳು ನ್ಯೂಜೆರ್ಸಿ ಸಿಟಿಜನ್ನು, ನೀನು ಯಾವ ಸ್ಟೇಟಿನವನೋ? ಅಲ್ಲಿ ಎರಡೆರಡು ಸಿಟಿಜನ್‌ಶಿಪ್ ಇರುತ್ತಂತಲ್ಲ?"

ಎರಡು ಇರೋದು ನಿಜ. ಆದ್ರೆ ಹುಟ್ಟಿದ ಸ್ಟೇಟಿಗೂ ಅದಕ್ಕೂ ಸಂಬಂಧ ಇಲ್ಲ. ನಾವೀಗ ಟೆಕ್ಸಾಸಲ್ಲಿ ಇದೀವಿ, ಹಾಗಾಗಿ ನಾನೂ ಮಗಳೂ ಇಬ್ರೂ ಅಮೆರಿಕದ ಸಿಟಿಜನ್ನು, ಜೊತೆಗೆ ಟೆಕ್ಸಾಸ್ ಸಿಟಿಜನ್ನು. ಟ್ರಕ್ಕಲ್ಲಿ ಸಾಮಾನು ತುಂಬ್ಕೊಂಡು ಬಂದು, ಇನ್ಮೇಲೆ ಇಲ್ಲೇ ಅಂತ ಮನೆ ಮಾಡಿದ್ವಲ್ಲ, ಅವತ್ತೇ ನ್ಯೂಜೆರ್ಸಿದು ಹೋಯ್ತು ಟೆಕ್ಸಾಸ್‌ದು ಬಂತು, ಅದಕ್ಕೊಂದು ಅರ್ಜಿ ಇಲ್ಲ, ಯಾರ ಮುಂದೆನೂ ಕೈ ಎತ್ತಿ ಪ್ರಮಾಣ ಮಾಡೋ ಹಾಗಿಲ್ಲ. ನಮ್ಮ ಭಾರತದ ಸಂವಿಧಾನದಲ್ಲಿ ಒಂದೇ ಪೌರತ್ವ, ಕರ್ನಾಟಕದ ಸಿಟಿಜನ್ ಅಂತ ಯಾರೂ ಇಲ್ಲ, ಅದಕ್ಕೇ ಇದು ಕೇಳೋಕೆ ವಿಚಿತ್ರ ಅನ್ಸುತ್ತೆ.

ಇದೇನು ಬರೀ ಅಡ್ರೆಸ್ ಚೇಂಜ್ ಅಲ್ವಾ ಅಂತ ಭಾವ ಅಂದ್ರು. ಇವತ್ತಿಗೆ ಹೆಚ್ಚುಕಮ್ಮಿ ಹಾಗೇನೇ. ಆದ್ರೆ ಅದು ಅಡ್ರೆಸ್ ಚೇಂಜಿನಷ್ಟು ಸಲೀಸಾಗೋಕೆ ಒಂದು ಯುದ್ಧನೇ ನಡೀಬೇಕಾಯ್ತು, ನಾನು ಹೇಳಬೇಕು ಅಂತಿರೋದು ಅದನ್ನೇ.

ಅಮೆರಿಕದ ಸಂವಿಧಾನದ ಮೊದಲಿನ ರೂಪದಲ್ಲಿ ಸಿಟಿಜನ್ ಅನ್ನೋ ಪದ ಅಲ್ಲಲ್ಲಿ ಬರುತ್ತೆ, ಅಮೆರಿಕದ ಸಿಟಿಜನ್ ಅಂದ್ರೆ ಯಾರು ಅಂತ ಮಾತ್ರ ಎಲ್ಲೂ ಬಿಡಿಸಿ ಬರೆದಿಲ್ಲ. ಸ್ಟೇಟಿನ ಸಿಟಿಜನ್ ಆದವನು ತಾನಾಗೇ ದೇಶದ ಸಿಟಿಜನ್ ಆಗ್ತಾನಾ, ಇಲ್ಲಾ ದೇಶದ್ದು ಇದ್ರೆ ಸ್ಟೇಟಿನದು ಬರುತ್ತಾ, ಯಾವುದು ಮೊದಲು? ಡ್ರೆಡ್ ಸ್ಕಾಟ್ ಅನ್ನೋ ಮನುಷ್ಯನ ಬದುಕು ಈ ಪ್ರಶ್ನೆ ಮೇಲೆ ನಿಂತಿತ್ತು. ಅವನೂ ಅವನ ಹೆಂಡತಿ ಹ್ಯಾರಿಯೆಟ್ಟೂ 1846ರಲ್ಲಿ ಮಿಸೂರಿ ಸ್ಟೇಟಿನ ಸೇಂಟ್ ಲೂಯಿಸ್‌ನಲ್ಲಿ ಕೇಸು ಹಾಕಿದ್ರು, ನಮ್ಮ ಯಜಮಾನ ನಮ್ಮನ್ನ ಗುಲಾಮಗಿರಿ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗಿ ಇಟ್ಕೊಂಡಿದ್ದ, ಹಾಗಾಗಿ ನಾವು ಸ್ವತಂತ್ರರು ಅಂತ. ಸ್ಟೇಟ್ ಕೋರ್ಟಲ್ಲಿ ಒಂದ್ಸಲ ಗೆದ್ದು, ಅಪೀಲಲ್ಲಿ ಸೋತು, ಆಮೇಲೆ ಫೆಡರಲ್ ಕೋರ್ಟಿಗೆ ಹೋದ. ಅಲ್ಲಿ ಒಳಗೆ ಹೋಗೋಕೇ ಒಂದು ಷರತ್ತು: ಒಂದು ಸ್ಟೇಟಿನ ಸಿಟಿಜನ್ ಇನ್ನೊಂದು ಸ್ಟೇಟಿನ ಸಿಟಿಜನ್ ಮೇಲೆ ಕೇಸು ಹಾಕಿರಬೇಕು. ನಾನು ಮಿಸೂರಿ ಸಿಟಿಜನ್, ಎದುರಿಗಿರೋನು ನ್ಯೂಯಾರ್ಕಿನವನು ಅಂತ ಅವನು ಬರೆಸಿದ್ದ.

1857ರಲ್ಲಿ ಸುಪ್ರೀಂ ಕೋರ್ಟಿನ ಚೀಫ್ ಜಸ್ಟಿಸ್ ರೋಜರ್ ಟಾನಿ ಬಾಗಿಲು ಹಾಕಿಬಿಟ್ರು. ಒಂದು ಸ್ಟೇಟು ತನ್ನ ಗಡಿಯೊಳಗೆ ಯಾರಿಗೆ ಬೇಕಾದ್ರೂ ಸಿಟಿಜನ್ ಅಂತ ಹೆಸರು ಕೊಟ್ಕೊಳ್ಳಲಿ, ಅದರಿಂದ ಅವನು ದೇಶದ ಸಿಟಿಜನ್ ಆಗಲ್ಲ, ಗುಲಾಮರಾಗಿ ಬಂದ ಆಫ್ರಿಕನ್ನರ ಸಂತತಿ ಆ ಸಂವಿಧಾನದ ಸಿಟಿಜನ್ ಆಗೋಕೇ ಸಾಧ್ಯ ಇಲ್ಲ ಅಂದ್ರು. ಈ ವಾದದ ಒಳಗೆ ಒಂದು ಭಯ ಇತ್ತು. ಒಂದು ಸ್ಟೇಟಿನ ಸಿಟಿಜನ್ನಿಗೆ ಉಳಿದ ಸ್ಟೇಟಲ್ಲೂ ಅಲ್ಲಿನವರ ಹಕ್ಕೇ ಸಿಗಬೇಕು ಅಂತ ಸಂವಿಧಾನದಲ್ಲೇ ಇದೆಯಲ್ಲ, ಹಾಗಾದ್ರೆ ಉತ್ತರದ ಒಬ್ಬ ಕಪ್ಪು ಸಿಟಿಜನ್ ಗುಲಾಮಗಿರಿ ಇದ್ದ ದಕ್ಷಿಣಕ್ಕೆ ಬಂದ್ರೆ ಅವನಿಗೆ ಮಾತಾಡೋ, ಸಭೆ ಸೇರೋ ಹಕ್ಕು ಕೊಡಬೇಕಾಗುತ್ತೆ, ಇದು ಟಾನಿಗೆ ಬೇಕಿರಲಿಲ್ಲ. ಜಸ್ಟಿಸ್ ಬೆಂಜಮಿನ್ ಕರ್ಟಿಸ್ ಒಪ್ಪಲಿಲ್ಲ, ಸಂವಿಧಾನ ಬರೋಕೂ ಮುಂಚೆನೇ ಐದು ಸ್ಟೇಟಲ್ಲಿ ಸ್ವತಂತ್ರ ಕಪ್ಪು ಜನ ಸಿಟಿಜನ್ ಆಗಿದ್ರು, ಬೇಕಾದ ಅರ್ಹತೆ ಇದ್ದವರು ವೋಟೂ ಹಾಕಬಹುದಿತ್ತು ಅಂತ ಒಂದೊಂದೇ ಹೆಸರು ಹೇಳಿ ತೋರಿಸಿದ್ರು. ಆ ಭಾಗ ಓದ್ತಾ ಹೋದ್ರೆ ಟಾನಿ ವಾದ ನಿಲ್ಲೋದೇ ಇಲ್ಲ. ಆದ್ರೂ ತೀರ್ಪು 7-2. ಡ್ರೆಡ್ ಸ್ಕಾಟ್‌ಗೆ ಅದೇ ವರ್ಷ ಬೇರೆಯವರ ದಯೆಯಿಂದ ಬಿಡುಗಡೆ ಸಿಕ್ತು, ಮರುವರ್ಷ ತೀರ್ಕೊಂಡ.

ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಬಂದ 14ನೇ ತಿದ್ದುಪಡಿಯ ಮೊದಲನೇ ವಾಕ್ಯ ಇದಕ್ಕೇ ಉತ್ತರ. ಅಮೆರಿಕದಲ್ಲಿ ಹುಟ್ಟಿ ಇಲ್ಲಾ ಅಲ್ಲಿನ ಪೌರತ್ವ ತಗೊಂಡು, ಜೊತೆಗೆ ಅದರ ಕಾನೂನಿನ ವ್ಯಾಪ್ತಿಯಲ್ಲೂ ಇರೋರೆಲ್ಲ ದೇಶದ ಸಿಟಿಜನ್ನು, ಮತ್ತೆ ತಾವು ವಾಸ ಮಾಡೋ ಸ್ಟೇಟಿನ ಸಿಟಿಜನ್ನೂ ಹೌದು. ದೇಶದ್ದು ಮೊದಲು, ಸ್ಟೇಟಿನದು ಅದರ ಹಿಂದೆ, ಅದೂ ಬರೀ ವಾಸದ ಮೇಲೆ, ಸ್ಟೇಟಿನ ಒಪ್ಪಿಗೆ ಕೇಳೋ ಹಾಗೇ ಇಲ್ಲ. ಅದರ ಮುಂದಿನ ವಾಕ್ಯ, ದೇಶದ ಸಿಟಿಜನ್ನಿನ ಹಕ್ಕುಗಳನ್ನ ಯಾವ ಸ್ಟೇಟೂ ಮೊಟಕು ಮಾಡೋ ಹಾಗಿಲ್ಲ ಅನ್ನುತ್ತೆ.

ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಕಸಾಯಿಖಾನೆಗಳ ಕರುಳು, ಹೊಲಸೆಲ್ಲ ಊರಿಗೆ ನೀರು ಬರೋ ಮಿಸಿಸಿಪಿ ನದಿಗೇ ಬೀಳ್ತಿತ್ತು. 1869ರಲ್ಲಿ ಲೂಸಿಯಾನ ಸರ್ಕಾರ ಎಲ್ಲಾ ಕಡಿಯೋ ಕೆಲಸ ಒಂದೇ ಕಂಪನಿ ಜಾಗದಲ್ಲಿ ಆಗಬೇಕು ಅಂತ 25 ವರ್ಷದ ಗುತ್ತಿಗೆ ಕೊಡ್ತು. ಕಟುಕರು ಕೋರ್ಟಿಗೆ ಹೋದ್ರು, ನಮ್ಮ ಕಸುಬು ಮಾಡೋದು 14ನೇ ತಿದ್ದುಪಡಿ ಕೊಟ್ಟ ಹಕ್ಕು ಅಂತ. 1873ರ ಏಪ್ರಿಲ್ 14ಕ್ಕೆ ಸುಪ್ರೀಂ ಕೋರ್ಟಿನ 5-4ರ ತೀರ್ಪು ಬಂತು. ಜಸ್ಟಿಸ್ ಸ್ಯಾಮುಯೆಲ್ ಮಿಲ್ಲರ್ ಹೇಳಿದ್ದು, ಎರಡು ಪೌರತ್ವಾನೂ ಬೇರೆ ಬೇರೆ, ತಿದ್ದುಪಡಿ ಕಾಪಾಡೋದು ದೇಶದ ಪೌರತ್ವದ ಹಕ್ಕನ್ನ ಮಾತ್ರ. ಅವು ಯಾವುವು ಅಂದ್ರೆ ರಾಜಧಾನಿಗೆ ಹೋಗೋದು, ಬಂದರು ಬಳಸೋದು, ಸಮುದ್ರದ ಮಧ್ಯೆ ಸರ್ಕಾರದ ರಕ್ಷಣೆ ಕೇಳೋದು, ಹೀಗೆ. ದಿನನಿತ್ಯದ ಬದುಕಿನ ಹಕ್ಕೆಲ್ಲ ಸ್ಟೇಟಿನ ಕೈಗೇ ವಾಪಸ್. ಕಸಾಯಿಖಾನೆ ಊರಾಚೆ ಹೋಗಬೇಕಿತ್ತು, ಅದನ್ನ ನಾನೂ ಒಪ್ತೀನಿ, ಅದಕ್ಕೋಸ್ಕರ ಹಕ್ಕು ಕಾಪಾಡೋ ಆ ಇಡೀ ವಾಕ್ಯದ ಜೀವ ತೆಗೀಬೇಕಿರಲಿಲ್ಲ.

ಯಾಕಂದ್ರೆ ಅದರ ಹಿಂದಿನ ದಿನ, ಏಪ್ರಿಲ್ 13, ಅದೇ ಲೂಸಿಯಾನದ ಕೋಲ್‌ಫ್ಯಾಕ್ಸ್‌ನಲ್ಲಿ ಡಜನ್‌ಗಟ್ಟಲೆ ಕಪ್ಪು ಜನರನ್ನ ಬಿಳಿಯರ ಗುಂಪು ಕೊಂದಿತ್ತು. ಕೆಲವರಿಗೆ ಫೆಡರಲ್ ಕೋರ್ಟಲ್ಲಿ ಶಿಕ್ಷೆ ಆಯ್ತು, 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ರಕ್ಷಣೆ ಬೇಕಾದ್ರೆ ನಿಮ್ಮ ಸ್ಟೇಟನ್ನ ಕೇಳಿ ಅನ್ನೋ ಅದೇ ಎರಡು ಪೌರತ್ವದ ಲೆಕ್ಕದಲ್ಲಿ. ಕೊಂದವರನ್ನ ಮುಟ್ಟದ ಸ್ಟೇಟನ್ನ ಕೇಳಬೇಕಂತೆ! ನನಗೆ ಇದನ್ನ ಹೇಳುವಾಗ ಈಗಲೂ ಸಿಟ್ಟು ಬರುತ್ತೆ.

1873ರ ಆ ತೀರ್ಪು ಇನ್ನೂ ರದ್ದಾಗಿಲ್ಲ, ಹಕ್ಕುಗಳನ್ನ ಕೋರ್ಟು ಆಮೇಲೆ ಅದೇ ತಿದ್ದುಪಡಿಯ ಬೇರೆ ಮಾತಿನ ಮೂಲಕ ತಂತು. ವಾಟ್ಸಾಪಲ್ಲಿ ಬರೋ ಒಂದು ವಿಡಿಯೋ ಬಗ್ಗೆನೂ ಕೇಳ್ತಾರೆ: ನಾನು ಸ್ಟೇಟ್ ಸಿಟಿಜನ್ ಮಾತ್ರ, ಫೆಡರಲ್ ಸಿಟಿಜನ್ ಅಲ್ಲ ಅಂತ ಬರೆದುಕೊಟ್ರೆ ಇನ್‌ಕಮ್ ಟ್ಯಾಕ್ಸ್ ಇಲ್ವಂತೆ. ದಯವಿಟ್ಟು ನಂಬಬೇಡಿ, ಕೋರ್ಟುಗಳು ಪ್ರತಿ ಸಲ ಇದನ್ನ ಎಸೆದಿವೆ, ಇಂಥ ವಾದ ಇಟ್ಟು ರಿಟರ್ನ್ ಹಾಕಿದ್ರೆ 5,000 ಡಾಲರ್ ದಂಡ ಬೀಳಬಹುದು. ದೇಶದ್ದಿದ್ದು ಸ್ಟೇಟಿನದು ಇಲ್ಲದೇ ಇರೋದು ಸಾಧ್ಯ, ರಾಜಧಾನಿ ವಾಷಿಂಗ್ಟನ್ ಡಿ.ಸಿ. ಯಾವ ಸ್ಟೇಟಿಗೂ ಸೇರಿಲ್ಲ, ಅಲ್ಲಿನ ಜನರಿಗೆ ಹಾಗೇ ಇದೆ. ಆದ್ರೆ ಸ್ಟೇಟಿನದು ಮಾತ್ರ ಇಟ್ಕೊಂಡು ದೇಶದ್ದು ಬೇಡ ಅಂತ ಬರೆದುಕೊಟ್ರೆ ಟ್ಯಾಕ್ಸ್ ತಪ್ಪಲ್ಲ.

ಭಾವನಿಗೆ ಕೊನೆಗೆ ಹೇಳಿದ್ದು 1999ರ ಕೇಸು. ಹೊಸದಾಗಿ ಬಂದ ಬಡ ಕುಟುಂಬಕ್ಕೆ ಒಂದು ವರ್ಷ ಹಳೇ ಸ್ಟೇಟಿನಷ್ಟೇ ಸಹಾಯಧನ ಅಂತ ಕ್ಯಾಲಿಫೋರ್ನಿಯಾ ರೂಲ್ ಮಾಡಿತ್ತು. ಅಲ್ಲಿ ಮೂರು ಜನರ ಕುಟುಂಬಕ್ಕೆ ತಿಂಗಳಿಗೆ 641 ಡಾಲರ್, ಲೂಸಿಯಾನದಿಂದ ಬಂದವರಿಗಾದ್ರೆ 190. ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನ ತಳ್ಳಿಹಾಕ್ತು, 1873ರಲ್ಲಿ ಹೂತಿಟ್ಟಿದ್ದ ಅದೇ ವಾಕ್ಯ ತೆಗೆದು ಹೇಳ್ತು: ಬಂದು ನೆಲೆಸಿದ ಮೇಲೆ ಅವರೂ ಇಲ್ಲಿನವರೇ, ಸ್ಟೇಟನ್ನ ಆರಿಸ್ಕೊಳ್ಳೋದು ಜನ, ಜನರನ್ನ ಆರಿಸ್ಕೊಳ್ಳೋ ಅಧಿಕಾರ ಸ್ಟೇಟಿಗಿಲ್ಲ. ಭಾವ ಸ್ವಲ್ಪ ಹೊತ್ತು ಸುಮ್ನಿದ್ದು, ಮಗಳ ಪಾಸ್‌ಪೋರ್ಟ್ ಮುಚ್ಚಿ ಅವಳ ಕೈಗೆ ಕೊಟ್ಟು "ಹಾಗಾದ್ರೆ ನೀನು ಟೆಕ್ಸಾಸ್‌ನವಳಮ್ಮ" ಅಂದ್ರು.