ಆ ಖಾಲಿ ಜಾಗ ಸುಮ್ನೆ ಬಿಟ್ಟಿದ್ದಲ್ಲ ರೀ

ಕಲಬುರಗಿಯಲ್ಲಿ ನಾನು ಫ್ಲೆಕ್ಸ್, ಮದುವೆ ಕಾರ್ಡ್ ಡಿಸೈನ್ ಮಾಡುತ್ತೇನೆ. ಬಂದವರೆಲ್ಲ ಸ್ಕ್ರೀನ್ ಮೇಲೆ ಬೆರಳಿಟ್ಟು ಹೇಳುವುದು ಒಂದೇ ಮಾತು. "ಇಲ್ಲಿ ಜಾಗಾ ಖಾಲಿ ಉಳದದ ಅಲ್ರೀ, ಇನ್ನೊಂದು ಫೋಟೊ ಕೂಡಿಸ್ರಿ."

ನೆಗೆಟಿವ್ ಸ್ಪೇಸ್, ಅಂದರೆ ಚಿತ್ರದ ಸುತ್ತ ಬೇಕಂತಲೇ ಬಿಡುವ ಖಾಲಿ ಜಾಗ, ಅಂತ ಪಾಠ ಶುರು ಮಾಡಿದರೆ ಯಾರೂ ಕೇಳುವುದಿಲ್ಲ. ಬೀದರ್‌ನ ಬಿದರಿ ಹೂದಾನಿ, ಅದೇ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು, ತೋರಿಸಿದರೆ ಕೇಳುತ್ತಾರೆ.

ಬಿದರಿ ಲೋಹ ಮೊದಲಿಗೆ ಕಪ್ಪಗಿರುವುದಿಲ್ಲ. ಸುಮಾರು 16 ಪಾಲು ಸತು, 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಬಣ್ಣ ಬೂದು. ಅದರಲ್ಲಿ ಬೆಳ್ಳಿ ಕೂರಿಸಿ ಉಜ್ಜಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಥರ ಹೊಳೆಯುತ್ತವೆ, ಹೂವು ಎಲ್ಲಿ ಮುಗಿಯಿತು ಅಂತಲೇ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಲವಣ ಬೆರೆಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಾಂಟ್ರಾಸ್ಟ್ ಅಂದರೆ ಇದೇ. ಬೆಳ್ಳಿಗೆ ಯಾರೂ ಏನೂ ಮಾಡಲಿಲ್ಲ, ಅದರ ಪಕ್ಕದ್ದು ಬದಲಾಯಿತು ಅಷ್ಟೇ. ಇನ್ನೊಂದು ಮಜಾ ಅಂದರೆ, ಕೆತ್ತುವ ಮೊದಲೂ ಮೈಲುತುತ್ತದ ನೀರು ಹಚ್ಚಿ ಒಂದು ಸಲ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀಚಿದ ಗೆರೆ ಕಣ್ಣಿಗೆ ಕಾಣಲಿ ಅಂತ!

ಗೆರೆ, ಆಕಾರ ಕೂಡ ಇಲ್ಲೇ ಸಿಗುತ್ತವೆ. ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕತ್ತರಿಸಿ ಕೂರಿಸಿದರೆ ತೆಹ್‌ನಿಶಾನ್. ನನಗೆ ಜಾಸ್ತಿ ಇಷ್ಟ ಅಫ್ತಾಬಿ. ಅದರಲ್ಲಿ ಲೆಕ್ಕವೇ ಉಲ್ಟಾ, ನೆಲ ಪೂರ್ತಿ ಬೆಳ್ಳಿ, ಹೂಬಳ್ಳಿಯೇ ಕಪ್ಪು. ಅಂದರೆ ನೀವು ನೋಡಿ ಮೆಚ್ಚುವ ಹೂವು ಇದೆಯಲ್ಲ, ಅದು ಬೆಳ್ಳಿ ಹಾಕದೇ ಬಿಟ್ಟ ಜಾಗ. ಖಾಲಿ ಅಂತ ಅದನ್ನೂ ತುಂಬಿಸಿದರೆ ಉಳಿಯುವುದು ಬರೀ ತಗಡು. (ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಅದನ್ನೂ ನೋಡಿ ಬನ್ನಿ.)

ಬಣ್ಣದ ವಿಷಯಕ್ಕೂ ಇದೇ ಕಣ್ಣು ಬೇಕು. ಹಸಿರು ನೆಲದ ಮೇಲೆ ಕೆಂಪು ಅಕ್ಷರ ಕೇಳುವವರು ಬಹಳ. ಬಣ್ಣ ಬೇರೆ ಬೇರೆ ಸರಿ, ಆದರೆ ಎರಡೂ ಒಂದೇ ಗಾಢ ಇದ್ದರೆ ದೂರದಿಂದ ಓದಲು ಆಗುವುದಿಲ್ಲ. ಮೊಬೈಲಿನಲ್ಲಿ ಆ ಡಿಸೈನನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ, ಅಕ್ಷರ ಮಾಯವಾದರೆ ಬಣ್ಣ ಬದಲಿಸಿ.

ಮದುವೆ ಕಾರ್ಡಿನವರು ಇಷ್ಟಕ್ಕೆ ಒಪ್ಪುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸ್‌ನವರ ಹತ್ತಿರ ನಾನು ಬಾಯಿ ಬಿಡುವುದಿಲ್ಲ, ಅಲ್ಲಿ ಯಾರ ಮುಖ ಬಿಟ್ಟರೂ ಜಗಳ.