ಶಾಂಘೈ ಛಾವಣಿಯಲ್ಲಿ ಕಲ್ಕತ್ತ

17 ಅಕ್ಟೋಬರ್ 2019, ಗುರುವಾರ

ಬೆಳಗ್ಗೆ ಎದ್ದಾಗ ನಮ್ಮ ಪ್ರವಾಸದ ಹಡಗು ಶಾಂಘೈಯ ವುಸೊಂಗ್‌ಕೊ ಬಂದರಿನಲ್ಲಿ ನಿಂತಿತ್ತು. ಹುವಾಂಗ್‌ಪು ನದಿ ಯಾಂಗ್‌ಟ್ಸಿಗೆ ಸೇರುವ ಜಾಗ ಇದು. ನೀರೆಲ್ಲ ಕೆಸರು ಬಣ್ಣ. ದೊಡ್ಡ ಹಡಗುಗಳು ಊರೊಳಗೆ ಹೋಗುವುದಿಲ್ಲ, ಯಾಂಗ್‌ಪು ಸೇತುವೆ ಅಡ್ಡ ಬರುತ್ತದೆ. ಹಾಗಾಗಿ ಇಮಿಗ್ರೇಷನ್ ಸಾಲು ಮುಗಿಸಿ ಬಸ್ಸು ಹತ್ತಬೇಕು. ದಾರಿಯುದ್ದಕ್ಕೂ ಅಪಾರ್ಟ್‌ಮೆಂಟುಗಳು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ.

ಮೊದಲು ಯೂಯುವಾನ್ ತೋಟ. ಮಿಂಗ್ ಕಾಲದಲ್ಲಿ ಪಾನ್ ಯುಂದುವಾನ್ ಎಂಬ ಅಧಿಕಾರಿ ತನ್ನ ಅಪ್ಪ ಮುದಿವಯಸ್ಸಿನಲ್ಲಿ ಆರಾಮಾಗಿ ಇರಲಿ ಎಂದು ಕಟ್ಟಿಸಲು ಹೊರಟಿದ್ದು. 1559ರಲ್ಲಿ ಶುರುವಾಗಿ 1577ರಲ್ಲಿ ಮುಗಿಯಿತು. ಮಗ ಇಷ್ಟು ನಿಧಾನ ಮಾಡಿದರೆ ಅಪ್ಪನ ಗತಿ ಏನು ಅಂತ ಇವರು ಕೇಳಿದರು. ಗೋಡೆಯ ಮೇಲೆ ಉದ್ದಕ್ಕೂ ಮಲಗಿದ ಡ್ರಾಗನ್ ಚೆನ್ನಾಗಿದೆ. ಹೊರಗೆ ಕೊಳದ ಮೇಲಿನ ಸೇತುವೆ ಒಂಬತ್ತು ಕಡೆ ತಿರುಗುತ್ತದೆ. ದೆವ್ವಗಳಿಗೆ ನೆಟ್ಟಗೆ ಮಾತ್ರ ನಡೆಯಲು ಬರುವುದಂತೆ! ಜನ ಎಷ್ಟಿದ್ದರೆಂದರೆ, ದೆವ್ವಕ್ಕೆ ತಿರುಗಲು ಬಂದರೂ ಜಾಗ ಸಿಗುತ್ತಿರಲಿಲ್ಲ. ಸೊಪ್ಪು, ಅಣಬೆ ತುಂಬಿದ ಬಿಸಿ ಬನ್ನು ಸಿಕ್ಕಿತು. ಮಾಂಸ ಇಲ್ಲ ತಾನೆ ಅಂತ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಚೀನೀ ಸಾಲು ತೋರಿಸಿ ಕೇಳಿ, ಆಮೇಲೇ ತಿಂದೆವು.

ಮಧ್ಯಾಹ್ನ ಬಂಡ್. ನದಿ ದಂಡೆಯಲ್ಲಿ ಸಾಲಾಗಿ ನಿಂತ ಹಳೆ ಬ್ಯಾಂಕು, ಹೋಟೆಲು, ಕಂಪನಿ ಕಟ್ಟಡಗಳು. ಎಲ್ಲರೂ ಅವಕ್ಕೆ ಬೆನ್ನು ಹಾಕಿ, ಎದುರು ದಡದ ಪುದೊಂಗ್ ಗೋಪುರಗಳ ಫೋಟೋ ತೆಗೆಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಹಿಂದಿನ ಸಾಲು.

1923ರಲ್ಲಿ ಕಟ್ಟಿದ ಹಾಂಗ್‌ಕಾಂಗ್ ಶಾಂಘೈ ಬ್ಯಾಂಕಿನ ಗುಮ್ಮಟದ ಕಟ್ಟಡದಲ್ಲಿ ಈಗ ಪುದೊಂಗ್ ಅಭಿವೃದ್ಧಿ ಬ್ಯಾಂಕ್ ಇದೆ. ಒಳಗೆ ಹೋಗಿ ಮೇಲೆ ನೋಡಬಹುದು. ಗುಮ್ಮಟದ ಸುತ್ತ ಬಣ್ಣದ ಕಲ್ಲುಚೂರುಗಳಲ್ಲಿ ಎಂಟು ಊರುಗಳ ಚಿತ್ರ: ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಟೋಕಿಯೋ, ಬ್ಯಾಂಕಾಕ್, ಹಾಂಗ್‌ಕಾಂಗ್, ಶಾಂಘೈ, ಮತ್ತೆ ನಮ್ಮ ಕಲ್ಕತ್ತ. ಬ್ಯಾಂಕಿನ ಶಾಖೆಗಳಿದ್ದ ಊರುಗಳವು. 1950ರ ದಶಕದಲ್ಲಿ ಇವನ್ನೆಲ್ಲ ಮುಚ್ಚಿಬಿಟ್ಟಿದ್ದರು, ಮತ್ತೆ ಬೆಳಕು ಕಂಡದ್ದು 1997ರಲ್ಲಿ. ಕತ್ತು ನೋಯುವವರೆಗೆ ಕಲ್ಕತ್ತ ನೋಡುತ್ತ ನಿಂತೆ. ಕಾವಲಿನವನು ಸುಮ್ನೆ ನಕ್ಕ.

ಕಲ್ಕತ್ತ ಅಲ್ಲಿ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಹಾರದ ಕಡೆ ಬೆಳೆಸಿದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಹರಾಜು ಹಾಕುತ್ತಿದ್ದದ್ದು ಕಲ್ಕತ್ತದಲ್ಲಿ. ಮಾಳವದ ಅಫೀಮು ಬಾಂಬೆಯಿಂದ ಹಡಗು ಹತ್ತುತ್ತಿತ್ತು. ಎರಡೂ ಬರುತ್ತಿದ್ದದ್ದು ಚೀನಾಕ್ಕೆ. ಬೇಡ ಅಂದ ಚೀನಾ 1842ರಲ್ಲಿ ಯುದ್ಧ ಸೋತು, ಶಾಂಘೈಯನ್ನು ಬ್ರಿಟಿಷರಿಗೆ ತೆರೆಯಬೇಕಾಯಿತು. ಅಲ್ಲಿಂದ ಬೆಳೆದದ್ದೇ ಈ ದಂಡೆ. ಗಸಗಸೆ ಪಾಯಸ ಕುಡಿದು ಬೆಳೆದವರು ನಾವು. ಅದೇ ಗಿಡದ ಹಾಲೇ ಅಫೀಮು, ಇಲ್ಲಿ ಎಷ್ಟು ಮನೆ ಹಾಳು ಮಾಡಿತೋ!

ನಾಲ್ಕು ಹೆಜ್ಜೆ ಮುಂದೆ ಹೋದರೆ ಹಸಿರು ಪಿರಮಿಡ್ ತಲೆಯ ಪೀಸ್ ಹೋಟೆಲ್. 1929ರಲ್ಲಿ ಇದನ್ನು ಕಟ್ಟಿಸಿದವನು ವಿಕ್ಟರ್ ಸಸೂನ್. ಪುಣೆಯ ಸಸೂನ್ ಆಸ್ಪತ್ರೆ ಕೇಳಿದ್ದೀರಲ್ವಾ? ಅದೇ ಮನೆತನ. ಬಾಗ್ದಾದಿನಿಂದ ಬಂದು ಬಾಂಬೆಯಲ್ಲಿ ನೆಲೆಸಿದ ಡೇವಿಡ್ ಸಸೂನನ ಮರಿಮಗ ಈತ. ಆ ಮನೆತನ ಹತ್ತಿ ಮಾರಿತು, ಅಫೀಮನ್ನೂ ಮಾರಿತು. ಲಾಬಿ ನಿಜಕ್ಕೂ ಚೆಂದ. ಚೆಂದ ಅಂತ ಹೇಳಲು ನನಗೇನೂ ಸಂಕೋಚವಿಲ್ಲ, ಆದರೆ ದುಡ್ಡು ಎಲ್ಲಿಂದ ಬಂತು ಅಂತ ಒಂದು ಸಾಲು ಎಲ್ಲಾದರೂ ಬರೆದು ಹಾಕಬಾರದೇ ಅನಿಸಿತು. ಬರೆಯಬೇಕಾದವರು ಚೀನೀಯರಷ್ಟೇ ಅಲ್ಲ. ಕಲ್ಕತ್ತದಲ್ಲೂ ಮುಂಬೈಯಲ್ಲೂ ಬರೆಯಬಹುದು.

"ರೀ, 632 ಮೀಟರ್ ಎತ್ತರದ ಶಾಂಘೈ ಟವರ್ ಹತ್ತಿ ನೋಡೋಣ್ವಾ?" ಅಂತ ಕೇಳಿದೆ. ಟಿಕೆಟ್ ಸಾಲನ್ನು ನೆನೆದೇ ಇವರಿಗೆ ಸುಸ್ತಾಯಿತು. ಅದರ ಬದಲು ಎರಡು ಯುವಾನ್ ಕೊಟ್ಟು ದೋಣಿಯಲ್ಲಿ ನದಿ ದಾಟಿದೆವು. ಸ್ಕೂಟರು, ಸೈಕಲ್ಲು, ತರಕಾರಿ ಚೀಲದ ಜೊತೆ. ದುಬಾರಿ ದೋಣಿ ವಿಹಾರಕ್ಕೆ ಹೋಗುವವರಿಗೆ ನನ್ನ ಸಲಹೆ, ಇದನ್ನೇ ಹತ್ತಿ. ಆಚೆ ದಡದಿಂದ ಶಾಂಘೈ ಟವರ್ ಕತ್ತೆತ್ತಿ ನೋಡಿದೆವು. ಮೇಲೆ ಹೋದಂತೆ ತಿರುಚಿಕೊಂಡಿದೆ. ಗಾಳಿಯ ಹೊಡೆತ ಕಡಿಮೆಯಾಗಲಿ ಅಂತ ಹಾಗೆ ಕಟ್ಟಿದ್ದಂತೆ.

ಬಸ್ಸಿಗೆ ಹೊತ್ತಿಗೆ ಸರಿಯಾಗಿ ಬಂದೆವು. ಹಡಗಿನ ಊಟದ ಮೇಜಿನಲ್ಲಿ ಒಬ್ಬರು ಕೇಳಿದರು, "ಬಂಡ್‌ನಲ್ಲಿ ಅಷ್ಟು ಹೊತ್ತು ಏನು ನೋಡಿದಿರಿ?" ಕಲ್ಕತ್ತ ಅಂದೆ. ಪೂರ್ತಿ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವರ ಐಸ್‌ಕ್ರೀಮ್ ಕರಗಿತ್ತು, ಪಾಪ. ನಾಳೆ ಇಡೀ ದಿನ ಸಮುದ್ರ. ಯೂಯುವಾನ್ ಫೋಟೋಗಳನ್ನು ಆಗ ಹಾಕುತ್ತೇನೆ. ಬ್ಯಾಂಕಿನೊಳಗೆ ಮಾತ್ರ ತೆಗೆಯಲು ಬಿಡುವುದಿಲ್ಲ.