ಗಟ್ಟಿಮೇಳಕ್ಕೂ ಮೊದಲಿನ ಸ್ಯಾಕ್ಸೋಫೋನ್

2025ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ ಬ್ಲ್ಯಾಕ್ ಸಬ್ಬತ್ ಅನ್ನುವ ಹೆವಿ ಮೆಟಲ್ ರಾಕ್ ತಂಡದ ಗಾಯಕ ಆಝಿ ಆಸ್ಬರ್ನ್ ಅವರ ಅಂತಿಮಯಾತ್ರೆ ಹೊರಟಿತು. ಜೊತೆಗೆ ಒಂದು ಬ್ರಾಸ್ ಬ್ಯಾಂಡ್, ಬ್ಲ್ಯಾಕ್ ಸಬ್ಬತ್ ಹಾಡನ್ನೇ ನುಡಿಸುತ್ತಾ ನಡೆಯಿತು. ಗಿಟಾರೇ ಇಲ್ಲ. ಬರೀ ಊದುವ ವಾದ್ಯ, ಡ್ರಮ್ಮು. ಹಾಸನದ ಹಾಸ್ಟೆಲಿನಲ್ಲಿ ಈ ಹಾಡುಗಳನ್ನು ಕೇಳಿ ಬೆಳೆದವನು ನಾನು. 2011ರ ಅಕ್ಟೋಬರ್ 30ಕ್ಕೆ ಇನ್ನೊಂದು ಮೆಟಲ್ ತಂಡ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಕೆಂಪು ಬಸ್ಸು ಹತ್ತಿ ಹೋಗಿದ್ದೆ. ಅಂತಿಮಯಾತ್ರೆಯ ದಿನ ಬ್ರಾಡ್ ಸ್ಟ್ರೀಟಿನಲ್ಲಿ ಕಣ್ಣು ತುಂಬಿ ಬಂತು.

ಇಲ್ಲಿನ ನಮ್ಮ ಪಕ್ಕದ ಮನೆಯ ಹಿರಿಯರು ಜೊತೆಗಿದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬ್ಯಾಂಡು ದಾಟಿ ಹೋದ ಮೇಲೆ, “ಆ ಸಬ್ಬತ್ ಹುಡುಗರು ಶುರು ಮಾಡಿದ್ದೇ ಬ್ಲೂಸು, ಜಾಝ್ ಕೇಳಿಕೊಂಡು. ನೀನು ಜಾಂಗೋ ಕೇಳಿದ್ದೀಯಾ?” ಅಂದರು. ಆ ವಾರವೇ ಒಂದಿಷ್ಟು ಸಿಡಿ ತಂದುಕೊಟ್ಟರು.

ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿಯ ಬೆರಳಿನ ಕತೆ ಮೆಟಲ್ ಕೇಳುವವರಿಗೆಲ್ಲ ಗೊತ್ತು. ಹದಿನೇಳರ ಹುಡುಗ. ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋದವು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಇನ್ನು ಗಿಟಾರ್ ಮುಗಿಯಿತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದುಕೊಟ್ಟರು. ಜಾಂಗೋ ರೈನ್‌ಹಾರ್ಟ್ ನುಡಿಸಿದ್ದು. 1928ರಲ್ಲಿ ಜಾಂಗೋ ಇದ್ದ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಮುದುಡಿಹೋಗಿದ್ದವು. ಉಳಿದ ಎರಡರಲ್ಲೇ ಆ ವೇಗ, ಆ ನಗು. ಅದನ್ನು ಕೇಳಿ ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ತಂತಿಯನ್ನೂ ಸಡಿಲ ಮಾಡಿದ. ಆ ಸಡಿಲಿನಿಂದ ಬಂದ ಭಾರದ ಸದ್ದನ್ನೇ ನಾವು ಮೆಟಲ್ ಅನ್ನುತ್ತೇವೆ. ಕತೆ ಗೊತ್ತಿದ್ದರೂ ಜಾಂಗೋನನ್ನು ಹುಡುಕಿ ಕೇಳುವ ಮನಸ್ಸು ಅಲ್ಲಿಯವರೆಗೆ ಬಂದಿರಲಿಲ್ಲ.

ಕೇಳಿದೆ. ಇಷ್ಟವಾಯಿತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಡ್ರಮ್ಮಿನವರು. ಸಬ್ಬತ್‌ನ ಬಿಲ್ ವಾರ್ಡ್‌ಗೆ ಜಾಝ್ ಡ್ರಮ್ಮಿನವರಾದ ಜೀನ್ ಕ್ರೂಪಾ, ಬಡ್ಡಿ ರಿಚ್ ಅಂದರೆ ಪ್ರಾಣ. ಅಲ್ಲಿಂದ ಮುಂದೆ ಹೋದರೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದ ಎಲ್ವಿನ್ ಜೋನ್ಸ್ ಸಿಗುತ್ತಾರೆ. ಮೆಟಲ್ ಅಭಿಮಾನಿಗಳಿಗೆ ಕೈ ಮುಗಿದು ಹೇಳುತ್ತೇನೆ, ಅವರನ್ನು ಕೇಳಿ. ನಮ್ಮ ಮೆಟಲ್ಲಿನ ಡಬಲ್ ಬಾಸ್ ಡ್ರಮ್ಮು ರೈಸ್ ಮಿಲ್ಲಿನ ಹಾಗೆ ಒಂದೇ ಸಮ ಓಡುತ್ತದೆ, ಅದರ ಬಲವೇ ಅದು. ಎಲ್ವಿನ್ ಅಷ್ಟೇ ಬಲವಾಗಿ ಬಾರಿಸುತ್ತಲೇ ಸ್ಯಾಕ್ಸೋಫೋನಿನ ಪ್ರತಿ ಮಾತಿಗೂ ಉತ್ತರ ಕೊಡುತ್ತಾರೆ. ಮುಂದೆ ಏನು ಬರುತ್ತದೆ ಅಂತ ಇಬ್ಬರಿಗೂ ಮೊದಲೇ ತಿಳಿದಿಲ್ಲ. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಹೆಜ್ಜೆ ಇಡಬೇಕು. ಮೆಟಲ್‌ನಲ್ಲಿ ಒಂದು ಸ್ವರವೂ ಆಚೀಚೆ ಆಗದ ಬಿಗಿ ನನಗೆ ಇವತ್ತಿಗೂ ಪ್ರೀತಿ. ಇದು ಬೇರೆ ತರಹದ ಧೈರ್ಯ.

ಇತ್ತೀಚೆಗೆ ಒಂದು ಭಾನುವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಇಲ್ಲಿನ ಚಿಕ್ಕ ಜಾಝ್ ಕಛೇರಿಯೊಂದಕ್ಕೆ ಹೋದೆ. ನಾಲ್ಕು ಜನರ ತಂಡ. ಮೊದಲು ಎಲ್ಲರೂ ಸೇರಿ ರಾಗ ಹಿಡಿದರು, ಆಮೇಲೆ ಒಬ್ಬೊಬ್ಬರದೇ ಸರದಿ. ಸರದಿ ಮುಗಿದಾಗಲೆಲ್ಲ ಹಾಡಿನ ನಡುವೆಯೇ ಜನ ಚಪ್ಪಾಳೆ ತಟ್ಟಿದರು. ಸ್ಯಾಕ್ಸೋಫೋನಿಗೆ ಜಾಸ್ತಿ. ಮಗಳು ನನ್ನ ತೋಳು ಜಗ್ಗಿದಳು.

“ಅಪ್ಪಾ, ಅತ್ತೆ ಮದುವೇಲೂ ಇದೇ ವಾದ್ಯ ಇತ್ತಲ್ವಾ? ಅಲ್ಲಿ ಯಾಕೆ ಯಾರೂ ಚಪ್ಪಾಳೆ ಹೊಡೀಲಿಲ್ಲ?”

“ಅಲ್ಲಿ ಎಲ್ಲರೂ ಅಕ್ಷತೆ ಹಾಕ್ತಿದ್ರು ಪುಟ್ಟಿ.”

“ಹಾಕಿದ್ಮೇಲೆ?”

ಹಾಕಿದ ಮೇಲೆ ಊಟದ ಹಾಲಿಗೆ ಓಡಿದರು. ಇದನ್ನು ಆರು ವರ್ಷದ ಮಗುವಿಗೆ ಹೇಗೆ ಹೇಳುವುದು?

ಆ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. ಹಾಸನದ ಕಲ್ಯಾಣ ಮಂಟಪಗಳಲ್ಲಿ ವಾಲಗದವರು ಎಲ್ಲಿ ಕೂರುತ್ತಾರೆ ಅಂತ ನೆನಪು ಮಾಡಿಕೊಳ್ಳಿ. ಮಂಟಪದ ಪಕ್ಕ, ಒಂದು ಜಮಖಾನದ ಮೇಲೆ. ಒಂದು ಸ್ಯಾಕ್ಸೋಫೋನು, ಒಂದು ಡೋಲು, ಶ್ರುತಿ ಪೆಟ್ಟಿಗೆ. ಮಗಳು ಹೇಳಿದ ಆ ಅತ್ತೆ ಮದುವೆಯಲ್ಲಿ ನುಡಿಸಿದವರು ಮೋಹನ ರಾಗವನ್ನು ಬಿಡಿಸುತ್ತಾ ಮೇಲಿನ ಸ್ಥಾಯಿಗೆ ಹೋಗಿದ್ದರು. ಅವರ ಕಣ್ಣು ಮಾತ್ರ ಪುರೋಹಿತರ ಕೈ ಮೇಲೆ. ಕೈ ಎದ್ದ ಕ್ಷಣ ರಾಗ ಅಲ್ಲೇ ಬಿಟ್ಟು ಗಟ್ಟಿಮೇಳ. ಅದು ನಿಂತ ತಕ್ಷಣ ಬಿಟ್ಟ ಜಾಗದಿಂದ ಮತ್ತೆ ಮೋಹನ. ಡೋಲಿನವರು ಆ ಎರಡು ತಿರುವಿನಲ್ಲೂ ಕೂದಲೆಳೆ ತಪ್ಪಲಿಲ್ಲ. ಬರೆದಿಟ್ಟುಕೊಂಡದ್ದು ಒಂದೂ ಇಲ್ಲ, ಎಲ್ಲ ಆ ಹೊತ್ತಿಗೆ ಹುಟ್ಟಿದ್ದು. ಆ ನಡುವೆ ಯಾರೋ ಬಂದು ಮೈಕು ತೆಗೆದುಕೊಂಡು, ಬಾಗಿಲಿಗೆ ಅಡ್ಡ ನಿಂತ ಕಾರಿನ ನಂಬರು ಕೂಗಿದರು.

ಈ ವಾದ್ಯ ನಮಗೆ ಹೊರಗಿನದು ಅನ್ನುವ ಹಾಗೂ ಇಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು ನಿಜ. ಆದರೆ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ, ಗಮಕ ಹೊರಡುವ ಹಾಗೆ ವಾದ್ಯವನ್ನೇ ತಿದ್ದಿಕೊಂಡರು. ನಾಗಸ್ವರ ನುಡಿಸುವ ಮನೆಯ ಹುಡುಗ. 1994ರಲ್ಲಿ ಲಂಡನ್ನಿನ ದೊಡ್ಡ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಗೋಪಾಲನಾಥರನ್ನು ಹುಡುಕಿಕೊಂಡು ಬಂದರು. ಇಬ್ಬರೂ ಸೇರಿ ನುಡಿಸಿದ ಆಲ್ಬಂ 2008ರಲ್ಲಿ ಬಂತು. ಅದನ್ನು ಪಕ್ಕದ ಮನೆಯ ಹಿರಿಯರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು, ಆಮೇಲೆ “ನಿಮ್ಮ ಊರಲ್ಲಿ ಇಂಥವರು ಎಷ್ಟು ಜನ ಇದ್ದಾರೆ?” ಅಂದರು. ತುಂಬಾ ಜನ ಅಂದೆ. ಹೇಳುವಾಗ ಹೆಮ್ಮೆಯಾಯಿತು.

ಆದರೆ ಆ ತುಂಬಾ ಜನ ನಮ್ಮ ಮದುವೆಗಳಲ್ಲಿ ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ. ಇದರಲ್ಲಿ ಜಾತಿ ಇಲ್ಲ ಅಂತ ಯಾರೂ ನನಗೆ ಹೇಳಬೇಡಿ. ಜಾಝ್ ಕಟ್ಟಿದ ಕಪ್ಪು ಜನರಿಗೂ ತಾವು ನುಡಿಸಿದ ಹೋಟೆಲಿನಲ್ಲೇ ರೂಮು ಸಿಗದ ಕಾಲವಿತ್ತು. 1959ರಲ್ಲಿ ನ್ಯೂಯಾರ್ಕಿನಲ್ಲಿ, ತಾನು ನುಡಿಸುತ್ತಿದ್ದ ಕ್ಲಬ್ಬಿನ ಬಾಗಿಲಲ್ಲೇ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಪೊಲೀಸರಿಂದ ತಲೆಗೆ ಏಟು ತಿಂದರು. ಅಲ್ಲಿ ಎಲ್ಲ ಸರಿಹೋಗಿದೆ ಅನ್ನುವುದಿಲ್ಲ. ಆದರೆ ಆ ಸಂಗೀತಕ್ಕೆ ಎದುರು ಕೂತು ಕೇಳುವ ಜನ ಸಿಕ್ಕಿದರು. ನಮ್ಮ ವಾಲಗದವರಿಗೆ ಸಾವಿರ ಜನ ಸೇರಿದ ಮಂಟಪದಲ್ಲೂ ಕೇಳುವವರು ಸಿಕ್ಕಿಲ್ಲ.

ಬರುವ ಡಿಸೆಂಬರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ, ಹಾಸನದಲ್ಲೇ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಹಿಂದಿನ ದಿನ ಸಂಜೆ ವಾಲಗದವರನ್ನು ವೇದಿಕೆ ಮೇಲೆ ಕೂರಿಸಿ ಒಂದು ಗಂಟೆ ಬರೀ ಅವರದೇ ಕಛೇರಿ ಇಡೋಣ ಅಂದೆ.

“ಆರ್ಕೆಸ್ಟ್ರಾಗೆ ಅಡ್ವಾನ್ಸ್ ಕೊಟ್ಟಾಯ್ತು ಕಣೋ. ವಾಲಗ ಯಾರಪ್ಪಾ ಕೂತು ಕೇಳ್ತಾರೆ?”

“ನಾನು ಕೇಳ್ತೀನಿ ಚಿಕ್ಕಪ್ಪ. ಮಗಳು ಕೇಳ್ತಾಳೆ.”

ಹಿಂದಿನಿಂದ ಮದುವೆ ಹುಡುಗಿಯ ದನಿ ಬಂತು. “ನಾನೂ ಕೂರ್ತೀನಿ ಅಣ್ಣ, ಮುಂದಿನ ಸಾಲಲ್ಲಿ.”

ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಆರ್ಕೆಸ್ಟ್ರಾ ಶುರುವಾಗುವ ಮೊದಲು ಅರ್ಧ ಗಂಟೆ ಅನ್ನುತ್ತಿದ್ದಾರೆ. ನಾನು ಒಂದು ಗಂಟೆಗೇ ಪಟ್ಟು ಹಿಡಿದಿದ್ದೇನೆ. ವಾದ್ಯದವರ ಸಂಭಾವನೆ ನನ್ನದು, ಅವರ ಊಟ ಮೊದಲ ಪಂಕ್ತಿಯಲ್ಲಿ, ಮತ್ತು ಆ ಒಂದು ಗಂಟೆ ಮೈಕು ಯಾರೂ ಮುಟ್ಟಬಾರದು ಅಂತ ಹೇಳಿದ್ದೇನೆ.